ಗಣೇಶಗುಡಿಗೆ ಹೋದರೆ ಕೂತು ನೋಡಿ



ದಾಂಡೇಲಿ ಎಂದೊಡನೆ ಹೆಚ್ಚಿನವರಿಗೆ ಕಾಗದದ ಕಾರ್ಖಾನೆ, ಇಲ್ಲವೆ ಕಾಳಿ ನದಿಯ ರಾಫ್ಟಿಂಗ್ ನೆನಪಾಗುತ್ತದೆ. ಹಕ್ಕಿ ನೋಡುವವರು ಮಾತ್ರ ಅಲ್ಲೊಂದು ಚಹಾ ಕುಡಿದು ಜೋಯಿಡಾ ರಸ್ತೆ ಹಿಡಿಯುತ್ತಾರೆ. ಅದೇ ದಾರಿಯಲ್ಲಿ ಸಿಗುವ ಗಣೇಶಗುಡಿ ಅವರ ಊರು. ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿರುವುದು ಇಲ್ಲೇ. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಮದ್ದನ್ನು ಕಾಡಿನೊಳಗೆ ಕೂಡಿಡುತ್ತಿದ್ದ ಜಾಗದಲ್ಲಿ ಈಗ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ. ಅದರ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್.

ಅಲ್ಲಿನ ಮರಗಳ ಕೆಳಗೆ ಹಕ್ಕಿಗಳು ಮೀಯಲೆಂದು ಸಣ್ಣ ಸಣ್ಣ ನೀರಿನ ತೊಟ್ಟಿಗಳಿವೆ. ಮಳೆಗಾಲದಲ್ಲಿ ಕಾಡೆಲ್ಲ ನೀರೇ ಆಗಿರುವಾಗ ಇವುಗಳ ಗೊಡವೆ ಯಾವ ಹಕ್ಕಿಗೆ ಬೇಕು? ಡಿಸೆಂಬರ್ ಬಂತೆಂದರೆ ಹಳ್ಳಗಳು ಸೊರಗುತ್ತವೆ, ಇಂಬಳಗಳ ಕಾಟ ತಪ್ಪುತ್ತದೆ, ತೊಟ್ಟಿಗಳ ಸುತ್ತ ಓಡಾಟ ಶುರುವಾಗುತ್ತದೆ. ಪಕ್ಕದ ಗೋವಾದ ರಾಜ್ಯಪಕ್ಷಿಯಾದ ಕೆಂಪು ಕೊರಳಿನ ಪಿಕಳಾರ ಬರುತ್ತದೆ. ಕಿತ್ತಳೆ ತಲೆಯ ಥ್ರಷ್ ಮೈಯೆಲ್ಲ ನೆನೆಸಿಕೊಂಡು ಹೋಗುತ್ತದೆ. ಹಿಮಾಲಯದಿಂದ ಚಳಿಗಾಲ ಕಳೆಯಲು ಇಳಿದು ಬಂದ ನೀಲಿ ರಾಬಿನ್ ಮಾತ್ರ ಬಲು ನಾಚಿಕೆಯದು. ಉಳಿದವೆಲ್ಲ ಹೋದ ಮೇಲೆ, ಬೆಳಕು ಮಾಸುವ ಹೊತ್ತಿಗೆ ಪೊದೆಯಿಂದ ಇಣುಕುತ್ತದೆ. ಆಗ ಕ್ಯಾಮೆರಾದ ಐಎಸ್‌ಒ 3200 ದಾಟಿಸಲು ಹಿಂಜರಿಯಬೇಡಿ. ಚಿತ್ರ ಸ್ವಲ್ಪ ತರಿತರಿಯಾದರೂ ಚಿಂತೆಯಿಲ್ಲ, ಫ್ಲ್ಯಾಶ್ ಬೇಡ.

ಹೀಗೆ ತೊಟ್ಟಿಯ ಮುಂದೆ ಕೂತು ತೆಗೆಯುವುದು ಬೇಟೆಯಲ್ಲ, ಸಿದ್ಧ ಊಟ ಎಂದು ಮೂಗು ಮುರಿಯುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಕೊಂಬೆಯಿಂದ ಕೊಂಬೆಗೆ ಅಲೆಸುವುದಕ್ಕಿಂತ ಇದು ಎಷ್ಟೋ ವಾಸಿ. ಆ ಧ್ವನಿಮುದ್ರಿಕೆ ಕೇಳಿದ ಗಂಡುಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದನೆಂದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಅಂಥ ಚಿತ್ರ ಎಷ್ಟು ಚೆಂದವಿದ್ದರೂ ನನಗದು ಸೇರುವುದಿಲ್ಲ.

ಆದರೆ ತೊಟ್ಟಿಯ ಮುಂದಷ್ಟೇ ಕೂತು ಮರಳಿದರೆ ಕಾಡು ನೋಡಿದಂತಾಗುವುದಿಲ್ಲ. ಸ್ಥಳೀಯ ಮಾರ್ಗದರ್ಶಿಯ ಜೊತೆ ಬೆಳಗಿನ ನಡಿಗೆಗೆ ಹೊರಡಿ. ಮಲಬಾರ್ ಟ್ರೋಗನ್ ಕಂಡರೆ ಅಲ್ಲೇ ನಿಲ್ಲಿ. ಗಂಡಿನ ಎದೆ ಕಡುಗೆಂಪು. ಆದರೆ ನಮ್ಮ ಸುಳಿವು ಹತ್ತಿದರೆ ಅದು ನಮಗೆ ಬೆನ್ನು ಹಾಕಿ ಕೂತು, ಕಂದು ಬೆನ್ನನ್ನಷ್ಟೇ ತೋರಿಸುತ್ತದೆ. ಕಪ್ಪೆಬಾಯಿ ಹಕ್ಕಿಯ ಜೋಡಿ ಹಗಲಿಡೀ ಕಣ್ಮುಚ್ಚಿ, ಒಣ ತರಗೆಲೆಯಂತೆ ಟೊಂಗೆಗೆ ಅಂಟಿ ಕೂತಿರುತ್ತದೆ. ಮಾರ್ಗದರ್ಶಿ ಬೆರಳು ಮಾಡಿ ತೋರಿಸಿದ ಮೇಲೂ ಕಾಣದೆ ಪೇಚಾಡುವವರೇ ಹೆಚ್ಚು. ನದಿಯಂಚಿನಲ್ಲಿ ನೀಲಿಕಿವಿಯ ಮಿಂಚುಳ್ಳಿಯನ್ನು ಹುಡುಕಬಹುದು.

ಇನ್ನು ಮಂಗಟ್ಟೆಗಳು, ಅಂದರೆ ಹಾರ್ನ್‌ಬಿಲ್‌ಗಳು. ಈ ಸೀಮೆಯಲ್ಲಿ ಅವುಗಳ 4 ಜಾತಿಗಳಿವೆ. ಅವುಗಳಿಗಾಗಿಯೇ 2011ರಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಆಲ, ಅತ್ತಿ, ಗೋಣಿ ಮರಗಳಲ್ಲಿ ಹಣ್ಣಾಗಿದ್ದರೆ ಅಲ್ಲಿ ಕಾಯಿರಿ. ರೆಕ್ಕೆಯ ಭರ್ರೆಂಬ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಚಳಿ ಹಿಂದೆಗೆಯುವ ಹೊತ್ತಿಗೆ ಹೆಣ್ಣು ಮರದ ಪೊಟರೆ ಹೊಕ್ಕು, ಒಂದು ಸೀಳು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಂದಾಚೆಗೆ ವಾರಗಟ್ಟಲೆ ಅದರ ಹೊಟ್ಟೆಪಾಡು ಗಂಡಿನ ಪಾಲಿಗೆ. ಮರದ ಬುಡದಲ್ಲಿ ಜನ ಗುಂಪುಗೂಡಿದರೆ ಗಂಡು ಹಣ್ಣು ಹಿಡಿದುಕೊಂಡೇ ದೂರ ಉಳಿಯುತ್ತದೆ, ಒಳಗಿರುವವು ಉಪವಾಸ ಬೀಳುತ್ತವೆ. ಆದ್ದರಿಂದ ಗೂಡಿರುವ ಮರ ಯಾವುದೆಂದು ಗೊತ್ತಾದರೂ ಅತ್ತ ಕಾಲಿಡಬೇಡಿ, ಆ ಜಾಗದ ಗುರುತನ್ನು ಯಾರಿಗೂ ಕಳಿಸಬೇಡಿ.