ಬೆಳ್ಳಿಚುಕ್ಕಿಯ ಬೆಂಕಿಬೆಟ್ಟ



ನಾವು ಬೆಳ್ಳಿ ಎಂದು ಕರೆಯುವ ಶುಕ್ರಗ್ರಹದ ಹೊಳಪು ನೆಲದ್ದಲ್ಲ, ಮೋಡದ್ದು. ಗಂಧಕಾಮ್ಲದ ಆ ಮೋಡ ಎಲ್ಲೂ ಬಿರಿಯುವುದಿಲ್ಲ; ಎಂಥ ದೂರದರ್ಶಕ ಹಿಡಿದರೂ ಕೆಳಗಿನ ಬೆಟ್ಟಗುಡ್ಡ ಕಾಣದು. ಇಳಿದೇ ನೋಡೋಣವೆಂದರೆ ನೆಲದಲ್ಲಿ ಸೀಸ ಕರಗುವಷ್ಟು ಬಿಸಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ-13 ಬರೀ ಎರಡು ಗಂಟೆ ಏಳು ನಿಮಿಷ ತಡೆದುಕೊಂಡಿತು. ಅಷ್ಟರಲ್ಲೇ ಕಲ್ಲು ಕೊರೆದು ಪರೀಕ್ಷಿಸಿ, ಅದು ಬಸಾಲ್ಟ್ ಜಾತಿಯದೆಂದು ತಿಳಿಸಿತು. ಅಂದರೆ ಹೆಪ್ಪುಗಟ್ಟಿದ ಲಾವಾ. ಒಂದು ಕಾಲಕ್ಕೆ ಅಲ್ಲಿ ಜ್ವಾಲಾಮುಖಿ ಉರಿದದ್ದು ಖಚಿತ. ಈಗಲೂ ಉರಿಯುತ್ತಿದೆಯೇ?

ಅಮೆರಿಕದ ಮೆಗೆಲ್ಲನ್ ನೌಕೆ 1990ರ ಆಗಸ್ಟ್‌ನಲ್ಲಿ ಶುಕ್ರನ ಕಕ್ಷೆ ಸೇರಿತು. ಅದರಲ್ಲಿ ರೇಡಾರ್ ಇತ್ತು; ರೇಡಾರ್ ಅಲೆಗೆ ಮೋಡ ಅಡ್ಡಿಯಲ್ಲ. ಹಾಗೆ ಕಂಡ ಬೆಟ್ಟಗಳಲ್ಲೊಂದು ಮಾಟ್ ಮಾನ್ಸ್, ಸುಮಾರು 8 ಕಿಲೋಮೀಟರ್ ಎತ್ತರ. ಆ ಗ್ರಹದ ಜ್ವಾಲಾಮುಖಿಗಳಲ್ಲೆಲ್ಲ ಎತ್ತರದ್ದು. ಪುಸ್ತಕಗಳಲ್ಲಿ ಬರುವ ಅದರ ಕಿತ್ತಳೆ ಬಣ್ಣದ ಚಿತ್ರ ನೋಡಿ ಕಡಿದಾದ ಶಿಖರ ಅಂದುಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಎತ್ತರವನ್ನು ಹಲವು ಪಟ್ಟು ಹಿಗ್ಗಿಸಿದ ಚಿತ್ರ ಅದು. ತೆಳುವಾದ ಲಾವಾ ಪದರದ ಮೇಲೆ ಪದರ ಹರಿದು ಬೆಳೆದ ಈ ಬೆಟ್ಟ ನಿಜಕ್ಕೂ ಬೋರಲು ಹಾಕಿದ ತಟ್ಟೆಯ ಹಾಗೆ ಅಗಲ. ಭೂಮಿಯಂತೆ ಸರಿದಾಡುವ ಶಿಲಾಫಲಕಗಳು ಶುಕ್ರನಲ್ಲಿಲ್ಲ, ಆದ್ದರಿಂದ ಒಂದೇ ಜಾಗದಲ್ಲಿ ಲಾವಾ ಬಹುಕಾಲ ಉಕ್ಕುತ್ತಲೇ ಇರಬಹುದು.

ಇನ್ನು ಮುಂದಿನದು ಪತ್ತೇದಾರಿ ಕೆಲಸ. ಶುಕ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು 243 ದಿನ ಬೇಕು. ಆದಕಾರಣ ಮೆಗೆಲ್ಲನ್ ಅದೇ ಜಾಗವನ್ನು ಮತ್ತೆ ನೋಡಿದ್ದು ಎಂಟು ತಿಂಗಳ ಮೇಲೆ. 1991ರ ಫೆಬ್ರವರಿಯ ಚಿತ್ರದಲ್ಲಿ ಬೆಟ್ಟದ ಉತ್ತರ ಮಗ್ಗುಲಿನ ಒಂದು ಬಾಯಿ ದುಂಡಗಿದೆ, ಒಳಗೋಡೆ ಕಡಿದು, ವಿಸ್ತೀರ್ಣ ಸುಮಾರು 2.2 ಚದರ ಕಿಲೋಮೀಟರ್. ಅಕ್ಟೋಬರಿನ ಚಿತ್ರದಲ್ಲಿ ಅದೇ ಬಾಯಿ ಸೊಟ್ಟಗಾಗಿ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಅಂಚಿನವರೆಗೂ ಲಾವಾ ತುಂಬಿದಂತಿದೆ. ಎರಡು ಸಲವೂ ರೇಡಾರ್ ನೋಡಿದ ಕೋನ ಬೇರೆ ಬೇರೆ, ಹೋಲಿಸುವುದು ಸುಲಭವಲ್ಲ. ಮೂವತ್ತು ವರ್ಷ ಈ ಜೋಡಿ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಅಲಾಸ್ಕಾ ವಿಶ್ವವಿದ್ಯಾಲಯದ ರಾಬರ್ಟ್ ಹೆರಿಕ್ ಸುಮಾರು 200 ಗಂಟೆ ಕೂತು, ಹಳೆಯ ಚಿತ್ರಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ತಾಳೆ ನೋಡಿ ಹಿಡಿದರು. ಸಹಸಂಶೋಧಕ ಸ್ಕಾಟ್ ಹೆನ್ಸ್ಲಿ ಅವರೊಂದಿಗೆ ಇದನ್ನು 2023ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗೋಡೆ ಕುಸಿದೂ ಬಾಯಿ ಅಗಲವಾಗಿರಬಹುದು, ನಿಜ. ಆದರೆ ಭೂಮಿಯ ಜ್ವಾಲಾಮುಖಿಗಳಲ್ಲಿ ಇಷ್ಟು ದೊಡ್ಡ ಕುಸಿತವಾದರೆ ಅದರ ಹಿಂದೆ ಲಾವಾದ ಚಲನೆ ಇದ್ದೇ ಇರುತ್ತದೆ. ನನಗೆ ಈ ವಾದ ಒಪ್ಪಿಗೆ.

ನಮ್ಮ ಬೆಂಗಳೂರಿನ ಇಸ್ರೋ ಸಂಸ್ಥೆಯ ಶುಕ್ರಯಾನಕ್ಕೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ನೌಕೆಯಲ್ಲೂ ರೇಡಾರ್ ಇರಲಿದೆ. ಉಡಾವಣೆಗೆ ಆಗ ಗೊತ್ತುಮಾಡಿದ್ದು 2028ರ ಮಾರ್ಚ್ ತಿಂಗಳು.