ಬಾಗಿಲು ಮುಚ್ಚಿದ ಮೇಲೆ ಶುರುವಾಗುವ ಸಂಬಳ

ಪೈಲಟ್‌ಗಳು ಸಂಬಳ ಜಾಸ್ತಿ ಮಾಡಿ ಅಂದ್ರೆ ನಮ್ಮ ಬಾಯಲ್ಲಿ ಬರೋ ಮೊದಲ ಮಾತು, "ಅವರಿಗೇನ್ರೀ ಕಮ್ಮಿ?" ಇವತ್ತು ಆ ಪ್ರಶ್ನೆಗೇ ಉತ್ತರ ಹುಡುಕೋಣ.

2009ರ ಫೆಬ್ರವರಿ 12. ಅಮೆರಿಕದ ನೆವಾರ್ಕ್‌ನಿಂದ ಬಫೆಲೊಗೆ ಹೊರಟಿದ್ದ ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ವಿಮಾನದ ಮೇಲೆ ಇದ್ದದ್ದು ದೊಡ್ಡ ಕಂಪನಿ ಕಾಂಟಿನೆಂಟಲ್ ಹೆಸರು. ಹಾರಿಸುತ್ತಿದ್ದವರು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯವರು. ಸಹ-ಪೈಲಟ್‌ಗೆ 24 ವರ್ಷ. ವರ್ಷದ ಸಂಬಳ 25 ಸಾವಿರ ಡಾಲರ್‌ಗಿಂತ ಕಡಿಮೆ. ಆಕೆ ಇದ್ದದ್ದು ದೇಶದ ಇನ್ನೊಂದು ತುದಿಯ ಸಿಯಾಟಲ್ ಕಡೆ. ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಕೂತು ಡ್ಯೂಟಿಗೆ ಬಂದಿದ್ದರು.

ಸಂಬಳದಿಂದಲೇ ವಿಮಾನ ಬಿತ್ತು ಅಂತ ತನಿಖೆ ಹೇಳಲಿಲ್ಲ. ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದರು ಅಂತ ಹೇಳಿತು. ಇಬ್ಬರಿಗೂ ದಣಿವಿತ್ತು ಅನ್ನೋದನ್ನೂ ಹೇಳಿತು.

ಆಮೇಲೆ ಕಾನೂನು ಬಿಗಿಯಾಯಿತು. 2013ರಿಂದ ಸಹ-ಪೈಲಟ್ ಆಗೋಕೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ಈ ನಿಯಮದಿಂದಲೇ ಪೈಲಟ್‌ಗಳು ಸಿಗ್ತಿಲ್ಲ ಅಂತ ಕಂಪನಿಗಳು ಅಂದವು. ಸಂಬಳ ಕೊಟ್ಟು ನೋಡಿ ಅಂತ ಯೂನಿಯನ್‌ಗಳು ಅಂದವು. ಅಲ್ಲಿ ಸಂಬಳ ಲೆಕ್ಕಕ್ಕೆ ಬರೋದು ಹೆಚ್ಚಾಗಿ ವಿಮಾನದ ಬಾಗಿಲು ಮುಚ್ಚಿ ಹೊರಟ ಮೇಲೆ. ನಿಲ್ದಾಣದಲ್ಲಿ ಕಾಯ್ದ ಗಂಟೆಗಳಿಗೆ ಸಿಗೋದು ಪುಡಿಗಾಸು.

2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಕಂಪನಿ, ಪೈಲಟ್‌ಗಳಿಲ್ಲ, 29 ಸಣ್ಣ ಊರುಗಳ ಸೇವೆ ನಿಲ್ಲಿಸ್ತೀವಿ ಅಂತ ನೋಟಿಸ್ ಕೊಟ್ಟಿತು. ಅದೇ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಪ್ರಾದೇಶಿಕ ಕಂಪನಿಗಳು ಹೊಸ ಸಹ-ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡೋಕೆ ಒಪ್ಪಿದವು. 1,500 ಗಂಟೆ ನಿಯಮ ಹಾಗೇ ಇತ್ತು. ಬದಲಾಗಿದ್ದು ಸಂಬಳ. ಹಾಗಾದರೆ ಅಷ್ಟು ವರ್ಷ ಕೊಡೋಕಾಗಲ್ಲ ಅಂದದ್ದು ಯಾಕೆ?

ಸರಿ, ನಮ್ಮಲ್ಲೇನು? ಇಲ್ಲಿ ಉಳಿಸಿಕೊಳ್ಳೋದಕ್ಕಿಂತ ಕಟ್ಟಿಹಾಕೋದರ ಮೇಲೆ ನಂಬಿಕೆ ಹೆಚ್ಚು. 2017ರಲ್ಲಿ ಡಿಜಿಸಿಎ ಕ್ಯಾಪ್ಟನ್‌ಗೆ ಒಂದು ವರ್ಷ, ಸಹ-ಪೈಲಟ್‌ಗೆ ಆರು ತಿಂಗಳ ನೋಟಿಸ್ ಅವಧಿ ನಿಗದಿ ಮಾಡಿತು. ಆದರೂ 2023ರಲ್ಲಿ ಆಕಾಸ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟುಹೋದರು. ವಿಮಾನಗಳು ರದ್ದಾದವು, ಕಂಪನಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಹೇಳದೆ ಕೇಳದೆ ಹೋಗಿ ಪ್ರಯಾಣಿಕರನ್ನ ನಡುನೀರಲ್ಲಿ ಕೈಬಿಡೋದು ತಪ್ಪೇ. ಆದರೆ ನೋಟಿಸ್ ಅವಧಿ ಹೋಗೋ ದಿನವನ್ನ ಮುಂದಕ್ಕೆ ಹಾಕುತ್ತೆ ಅಷ್ಟೇ, ಹೋಗೋ ಮನಸ್ಸನ್ನ ತಡೆಯೋಲ್ಲ.

ದೊಡ್ಡ ಕಂಪನಿ ಪೈಲಟ್‌ನ ಎಳೆದುಕೊಂಡರೆ ಬೆಂಗಳೂರು, ಮುಂಬೈಗೆ ತೊಂದರೆಯಿಲ್ಲ. ಪೆಟ್ಟು ಬೀಳೋದು ಸಣ್ಣ ಊರುಗಳಿಗೆ, ದಿನಕ್ಕೆ ಒಂದೆರಡು ಸಣ್ಣ ವಿಮಾನ ನಂಬಿಕೊಂಡ ಜನಕ್ಕೆ. ರನ್‌ವೇ ಕಟ್ಟಿ ರಿಬ್ಬನ್ ಕತ್ತರಿಸೋದು ಸುಲಭ. ಆ ರನ್‌ವೇ ಮೇಲೆ ಪ್ರತಿದಿನ ಇಳಿಯೋನು ನಿದ್ದೆ ಮಾಡಿ, ನೆಮ್ಮದಿಯಾಗಿ ಬಂದಿದ್ದಾನಾ? ಮುಂದಿನ ಸಲ ಉದ್ಘಾಟನೆಯಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿ.