ಕಾಲು ಉಳುಕಿದರೆ ಮೊದಲು ಏನು ಮಾಡಬೇಕು?

(ಸ್ವ-ಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳು)



ಉಳಿತಾಯದ ಲೆಕ್ಕ ಮುಗೀತು. ಪಾಸ್‌ಬುಕ್ ಚೀಲಕ್ಕೆ ಹಾಕುವ ಮುಂಚೆ ಹತ್ತು ನಿಮಿಷ ನಿಮ್ಮ ಕಾಲಿನ ವಿಷಯ ಮಾತಾಡೋಣ. ಗದ್ದೆ ಬದುವಿನ ಮೇಲೋ, ಪಾಚಿ ಕಟ್ಟಿದ ಬಾವಿಕಟ್ಟೆಯಲ್ಲೋ, ಬಸ್ಸಿನಿಂದ ಇಳಿಯುವಾಗಲೋ ಕಾಲು ಉಳುಕದವರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ!

ಹೆಚ್ಚಾಗಿ ಪಾದ ಒಳಗಡೆ ಮಗುಚಿ, ಮೈಭಾರವೆಲ್ಲ ಹೊರಬದಿಗೆ ಬೀಳುತ್ತದೆ. ಅಲ್ಲಿ ಹರಡಿನ ಎಲುಬುಗಳನ್ನು ಹಗ್ಗದ ಹಾಗೆ ಕಟ್ಟಿ ಹಿಡಿದಿರುವ ನಾರುಗಳಿವೆ, ಡಾಕ್ಟರರು ಲಿಗಮೆಂಟ್ ಅನ್ನುತ್ತಾರೆ. ಅವು ಜಗ್ಗಿದರೆ ಅಥವಾ ಹರಿದರೆ ಅದೇ ಉಳುಕು. "ನರ ಹೊರಳಿದೆ, ನೀವಿ ಕೂರಿಸಬೇಕು" ಅನ್ನುತ್ತೇವಲ್ಲ, ಅಲ್ಲಿ ಯಾವ ನರವೂ ಹೊರಳಿರುವುದಿಲ್ಲ. ಹರಿದ ಕಡೆ ಒಳಗೇ ರಕ್ತ ಒಸರುತ್ತದೆ. ಬಾವು, ಮಾರನೇ ದಿನದ ನೀಲಿ ಬಣ್ಣ ಎಲ್ಲ ಅದರಿಂದಲೇ.

ನನಗೇ ಆದದ್ದು ಹೇಳ್ತೇನೆ. ಅಂಗಳದ ಮೆಟ್ಟಿಲು ಇಳಿಯುವಾಗ ಕಾಲು ಮಗುಚಿತು. ಅತ್ತೆ ಪ್ರೀತಿಯಿಂದಲೇ ಬಿಸಿ ಎಣ್ಣೆ ಹಚ್ಚಿ ನೀವಿದರು, ಹುಣಸೆಹಣ್ಣು ಉಪ್ಪು ಕಾಯಿಸಿ ಪಟ್ಟು ಹಾಕಿದರು. ರಾತ್ರಿಗೆ ಕಾಲು ಕುಂಬಳಕಾಯಿ! ಮೂರು ವಾರ ಕುಂಟುತ್ತಲೇ ನೀರು ಹೊತ್ತೆ. ಕೊನೆಗೆ ಎಕ್ಸ್‌ರೇ ತೆಗೆಸಿದರೆ ಎಲುಬಿನಲ್ಲಿ ಬಿರುಕು. ಒಂದೂವರೆ ತಿಂಗಳು ಪ್ಲಾಸ್ಟರ್, ಅಷ್ಟೂ ದಿನದ ಕೂಲಿ ಹೋಯಿತು.

ಹಾಗಾದರೆ ಉಳುಕೋ ಮುರಿತವೋ ಗೊತ್ತಾಗುವುದು ಹೇಗೆ? ಕೆನಡಾ ದೇಶದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸುಲಭ ಪರೀಕ್ಷೆ ಪ್ರಕಟಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಬಿದ್ದಾಗಲೂ ನಾಲ್ಕು ಹೆಜ್ಜೆ ಇಡಲಾಗಲಿಲ್ಲ, ಈಗಲೂ ಆಗುತ್ತಿಲ್ಲ ಅಂದರೆ ಎಕ್ಸ್‌ರೇ ಬೇಕು. ಕುಂಟಿಕೊಂಡು ಇಟ್ಟರೂ ಹೆಜ್ಜೆಯೇ. ಆಮೇಲೆ ಹರಡಿನ ಎರಡೂ ಬದಿ ಉಬ್ಬಿದ ಎಲುಬು ಇದೆಯಲ್ಲ, ಅದರ ತುದಿಯನ್ನೂ, ಹಿಂದಿನ ಅಂಚಿನಲ್ಲಿ ಮೇಲಕ್ಕೆ 6 ಸೆಂಟಿಮೀಟರ್‌ವರೆಗೂ ಬೆರಳಿನಿಂದ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಇರುವ ಉಬ್ಬನ್ನೂ ಒತ್ತಿ. ಎಲುಬಿನ ಮೇಲೇ ನೋವಾದರೆ ಆಗಲೂ ಎಕ್ಸ್‌ರೇ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ನಂಬಿ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಕಾಲು ಸೊಟ್ಟಗಾದರೆ, ಬೆರಳು ತಣ್ಣಗಾದರೆ ಒಂದು ಗಳಿಗೆಯೂ ಕಾಯುವ ಹಾಗಿಲ್ಲ.

ಬರೀ ಉಳುಕಾದರೆ ಮೊದಲ ಎರಡು ಮೂರು ದಿನ ನೀವಬೇಡಿ, ಬಿಸಿ ಶಾಖ ಕೊಡಬೇಡಿ. ರಕ್ತ ಒಸರುವುದು ಹೆಚ್ಚುತ್ತದೆ. ಐಸ್ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಬಾವಿಯ ತಣ್ಣೀರಿನ ಬಟ್ಟೆಯಾದೀತು. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ, ಹರಡಿನ ಹತ್ತಿರ ಎಂಟರ ಆಕಾರದಲ್ಲಿ ಸುತ್ತಿ. ಬೆರಳು ಜೋಮು ಹಿಡಿದರೆ ಸಡಿಲಿಸಿ. ಕೆಲವೆಡೆ ದಬ್ಬೆ ಇಟ್ಟು ಬಿಗಿದು ಕಟ್ಟುತ್ತಾರೆ, ರಕ್ತ ಓಡದೆ ಕಾಲು ಕೊಳೆತು ಕತ್ತರಿಸಬೇಕಾಗಿ ಬಂದದ್ದೂ ಉಂಟು. ಮಲಗುವಾಗ ದಿಂಬಿನ ಮೇಲೆ ಕಾಲೆತ್ತಿ ಇಡಿ.

ಆದರೆ ತಿಂಗಳುಗಟ್ಟಲೆ ಮಲಗಿಯೂ ಇರಬಾರದು. ನೋವು ತಡೆಯುವಷ್ಟಾದ ಕೂಡಲೇ ಮೆಲ್ಲಗೆ ಕಾಲೂರಿ ನಡೆಯಿರಿ. ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಸಹಿ ಕಲಿತ ದಿನಗಳು ನೆನಪಾಗ್ತವೆ! ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಈ ವ್ಯಾಯಾಮ ಬಿಟ್ಟದ್ದರಿಂದಲೇ ಹೆಚ್ಚು.

"ವಿಶ್ರಾಂತಿ ತಗೊಂಡರೆ ನೀರು ಯಾರು ತರ್ತಾರೆ?" ಅಂತ ಕೇಳ್ತೀರಿ. ನಾಟಿಗೆ ಮುಯ್ಯಾಳು ಹೋಗುವ ನಾವು ಎರಡು ಮೂರು ದಿನ ಪಕ್ಕದ ಮನೆಗೆ ಎರಡು ಕೊಡ ನೀರು ಕೊಡಲಾರೆವೇ? ಎಕ್ಸ್‌ರೇಗೆ ಹಣವಿಲ್ಲದಿದ್ದರೆ ಸಂಘದ ಆಂತರಿಕ ಸಾಲ ಇದೆ. ಆರೋಗ್ಯಕ್ಕೆ ಸಾಲ ಕೇಳಲು ನಾಚಬೇಡಿ.

ಈಗ ಎಲ್ಲರೂ ಏಳಿ. ಗೋಡೆಗೆ ಕೈ ತಾಗಿಸಿ ಒಂಟಿ ಕಾಲಲ್ಲಿ ನಿಲ್ಲಿ. 30 ಎಣಿಸುವವರೆಗೆ. ಅಧ್ಯಕ್ಷೆಯವರೇ, ನೀವೂ!